ಭಾರತದಿಂದ ವಿದೇಶಕ್ಕೆ ದತ್ತು: ಯಾವ ಕಾಗದ, ಯಾವ ಕಚೇರಿಯಿಂದ, ಯಾವ ಸರದಿಯಲ್ಲಿ

ಅಮೆರಿಕದಲ್ಲಿರುವ ಅಣ್ಣ-ಅತ್ತಿಗೆಗೆ ಮಕ್ಕಳಿಲ್ಲ. ಊರಲ್ಲಿರುವ ತಂಗಿ ತನ್ನ ಎರಡನೇ ಮಗುವನ್ನು ಕೊಡಲು ಒಪ್ಪುತ್ತಾಳೆ. ದತ್ತಕ ಹೋಮವಾಗುತ್ತದೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತಕ ಪತ್ರವೂ ನೋಂದಣಿಯಾಗುತ್ತದೆ. ಆಮೇಲೆ ಪಾಸ್‌ಪೋರ್ಟು, ವೀಸಾ ಎಂದು ಓಡಾಟ ಶುರು. ಎಷ್ಟೋ ಮನೆಗಳಲ್ಲಿ ನಡೆಯುವುದು ಇದೇ, ಕೆಲಸ ಕೆಡುವುದೂ ಇಲ್ಲೇ. ವಿದೇಶಕ್ಕೆ ಹೋಗುವ ದತ್ತಿನಲ್ಲಿ ಕಾಗದಗಳು ಎಷ್ಟಿವೆ ಅನ್ನುವುದಕ್ಕಿಂತ ಅವು ಯಾವ ಸರದಿಯಲ್ಲಿ ಬಂದವು ಅನ್ನುವುದೇ ಮುಖ್ಯ. ಮೊದಲು ಎರಡೂ ದೇಶಗಳ ಒಪ್ಪಿಗೆ, ಆಮೇಲೆ ದತ್ತು ಆದೇಶ, ಮಗುವಿನ ಪ್ರಯಾಣ ಕೊನೆಗೆ. ಈ ಸರದಿ ತಲೆಕೆಳಗಾದರೆ ಮುಂದೆ ಸರಿಪಡಿಸುವುದು ಕಷ್ಟ, ಕೆಲವೊಮ್ಮೆ ಸಾಧ್ಯವೇ ಇಲ್ಲ.

ಇಷ್ಟೊಂದು ತಪಾಸಣೆ ಏಕೆ

1980ರ ದಶಕದ ಆರಂಭದವರೆಗೆ ಭಾರತದಿಂದ ಹೊರದೇಶಕ್ಕೆ ಮಕ್ಕಳು ಹೋಗುವುದನ್ನು ನೋಡಿಕೊಳ್ಳುವ ಕೇಂದ್ರ ವ್ಯವಸ್ಥೆಯೇ ಇರಲಿಲ್ಲ. ವಕೀಲ ಲಕ್ಷ್ಮೀಕಾಂತ್ ಪಾಂಡೆ ಸುಪ್ರೀಂ ಕೋರ್ಟಿಗೆ ಬರೆದ ಪತ್ರವನ್ನೇ ರಿಟ್ ಅರ್ಜಿಯಾಗಿ ಪರಿಗಣಿಸಿ, 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ವಿವರವಾದ ನಿಯಮಗಳನ್ನು ಹಾಕಿಕೊಟ್ಟಿತು. ಅದರ ಫಲವಾಗಿ 1990ರಲ್ಲಿ ಈಗ ಎಲ್ಲರೂ ಚುಟುಕಾಗಿ ‘ಕಾರಾ’ ಎನ್ನುವ ಕೇಂದ್ರೀಯ ದತ್ತು ಸ್ವೀಕಾರ ಸಂಪನ್ಮೂಲ ಸಂಸ್ಥೆ ಹುಟ್ಟಿತು. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವ ದತ್ತಿನ ಬಗೆಗಿನ 1993ರ ಅಂತರರಾಷ್ಟ್ರೀಯ ಒಪ್ಪಂದವನ್ನು, ಅಂದರೆ ಹೇಗ್ ಒಪ್ಪಂದವನ್ನು, ಭಾರತ 2003ರಲ್ಲಿ ಅನುಮೋದಿಸಿತು. ಬಾಲನ್ಯಾಯ ಕಾಯ್ದೆ 2015 ಜಾರಿಗೆ ಬಂದ ಮೇಲೆ, 2016ರ ಜನವರಿಯಿಂದ ಕಾರಾ ಶಾಸನಬದ್ಧ ಪ್ರಾಧಿಕಾರವಾಗಿದೆ. ಈಗ ಚಾಲ್ತಿಯಲ್ಲಿರುವುದು 2022ರ ದತ್ತು ನಿಯಮಾವಳಿ.

ಹೇಗ್ ಒಪ್ಪಂದದ ನಾಲ್ಕು ಕಲಮುಗಳನ್ನು ನೆನಪಿಟ್ಟುಕೊಂಡರೆ ಮುಂದಿನ ಹಂತಗಳೆಲ್ಲ ತಾವಾಗಿ ಅರ್ಥವಾಗುತ್ತವೆ. 4ನೇ ಕಲಮು ಮಗುವಿನ ದೇಶದ ಹೊಣೆಯನ್ನು ಹೇಳುತ್ತದೆ: ಮಗು ನಿಜಕ್ಕೂ ದತ್ತು ಕೊಡಬಹುದಾದ ಸ್ಥಿತಿಯಲ್ಲಿದೆಯೇ, ದೇಶದೊಳಗೆ ಕುಟುಂಬ ಸಿಗದೆಯೇ ಹೊರಗೆ ಕಳುಹಿಸಲಾಗುತ್ತಿದೆಯೇ, ತಾಯಿಯ ಒಪ್ಪಿಗೆ ಹೆರಿಗೆಯ ನಂತರವೇ, ಹಣದ ಆಮಿಷವಿಲ್ಲದೆ ಸಿಕ್ಕಿದೆಯೇ ಎಂದು ಅದು ಪರೀಕ್ಷಿಸಬೇಕು. 5ನೇ ಕಲಮು ಮಗುವನ್ನು ಬರಮಾಡಿಕೊಳ್ಳುವ ದೇಶದ್ದು: ಪೋಷಕರು ಅರ್ಹರೇ, ಮಗುವಿಗೆ ಆ ದೇಶದಲ್ಲಿ ಶಾಶ್ವತವಾಗಿ ನೆಲೆಸಲು ಅನುಮತಿ ಸಿಗುತ್ತದೆಯೇ. 17ನೇ ಕಲಮಿನ ಪ್ರಕಾರ ಎರಡೂ ದೇಶಗಳು ‘ಮುಂದುವರಿಯಬಹುದು’ ಎಂದು ಒಪ್ಪಬೇಕು. 23ನೇ ಕಲಮಿನ ಅನುಸರಣಾ ಪ್ರಮಾಣಪತ್ರ ಸಿಕ್ಕ ದತ್ತಿಗೆ ಎಲ್ಲ ಸದಸ್ಯ ದೇಶಗಳಲ್ಲೂ ಮಾನ್ಯತೆ ಇದೆ. ಕಾರಾ ಕಚೇರಿಯಲ್ಲಾಗಲಿ ರಾಯಭಾರ ಕಚೇರಿಯಲ್ಲಾಗಲಿ ‘ಆರ್ಟಿಕಲ್ ಫೈವ್ ಬಂತಾ?’ ಎಂದು ಕೇಳಿದರೆ ಅವರು ಹುಡುಕುತ್ತಿರುವುದು ಈ ಪತ್ರಗಳನ್ನೇ.

ಮೊದಲ ಹಂತ: ನಿಮ್ಮ ದಾರಿ ಯಾವುದು

ದಾರಿ ಮೂರು. ಅನಾಥ, ಪರಿತ್ಯಕ್ತ ಅಥವಾ ಒಪ್ಪಿಸಲ್ಪಟ್ಟ ಮಗುವನ್ನು ಸಂಸ್ಥೆಯ ಮೂಲಕ ಪಡೆಯುವುದು ಬಾಲನ್ಯಾಯ ಕಾಯ್ದೆಯ 59ನೇ ಕಲಮಿನ ದಾರಿ. ಸಂಬಂಧಿಕರ ಮಗುವನ್ನು ಪಡೆಯುವುದು 60ನೇ ಕಲಮಿನದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ದತ್ತಕ ಪಡೆದ ಮಗುವನ್ನು ಹೊರದೇಶಕ್ಕೆ ಕರೆದೊಯ್ಯುವುದು ಮೂರನೆಯದು. ಮೂರೂ ದಾರಿಗಳು ಕಾರಾದ ನಿರಾಕ್ಷೇಪಣಾ ಪತ್ರವನ್ನು, ಎಲ್ಲರೂ ಎನ್‌ಒಸಿ ಎನ್ನುವ ಕಾಗದವನ್ನು, ಮುಟ್ಟಲೇಬೇಕು.

ನಿಮ್ಮ ಪೌರತ್ವವೂ ಮುಖ್ಯ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿಗಳನ್ನು ಸರದಿಯ ಮಟ್ಟಿಗೆ ಭಾರತದಲ್ಲೇ ಇರುವವರಿಗೆ ಸಮಾನವಾಗಿ ನೋಡಲಾಗುತ್ತದೆ. ಇದು ಅನುಕೂಲವೂ ಹೌದು, ತೊಡಕೂ ಹೌದು: ಚಿಕ್ಕ, ಆರೋಗ್ಯವಂತ ಮಗುವಿಗಾಗಿ ಕಾಯುತ್ತಿರುವ ಉದ್ದನೆಯ ಸಾಲಿನಲ್ಲೇ ನೀವೂ ನಿಲ್ಲುತ್ತೀರಿ. ಒಸಿಐ ಕಾರ್ಡ್ ಇರುವ ಭಾರತೀಯ ಮೂಲದ ವಿದೇಶಿ ಪೌರರಿಗೆ, ಇತರ ವಿದೇಶಿಯರಿಗೆ ಮಗು ಸಿಗುವುದು, ಅದು ದತ್ತಿಗೆ ಕಾನೂನುಬದ್ಧವಾಗಿ ಮುಕ್ತವೆಂದು ಘೋಷಣೆಯಾದ 60 ದಿನಗಳೊಳಗೆ ಅದಕ್ಕೆ ಭಾರತೀಯ ಅಥವಾ ಅನಿವಾಸಿ ಭಾರತೀಯ ಕುಟುಂಬ ಸಿಗದಿದ್ದಾಗ. ಅಂಗವೈಕಲ್ಯವಿರುವ ಮಕ್ಕಳು, ಒಡಹುಟ್ಟಿದವರ ಜೋಡಿಗಳು, 5 ವರ್ಷ ದಾಟಿದವರನ್ನು ಅಂತರದೇಶೀಯ ದತ್ತಿಗೆ ಆದ್ಯತೆಯ ಮೇಲೆ ಪರಿಗಣಿಸಬಹುದು. ವಿದೇಶಿ ಕುಟುಂಬಗಳಿಗೆ ಹೋಗುವ ಮಕ್ಕಳಲ್ಲಿ ಬಹುಪಾಲು ಈ ಗುಂಪಿನವರೇ. ‘ಡಾಲರಿನಲ್ಲಿ ಕೊಟ್ಟರೆ ಹಸುಗೂಸು ಬೇಗ ಸಿಗುತ್ತದೆ’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲೇ ಮುಗಿಸಿ.

ಎರಡನೇ ಹಂತ: ಅರ್ಹತೆಯ ಲೆಕ್ಕ

ದಂಪತಿಗಳಿಬ್ಬರ ವಯಸ್ಸನ್ನು ಕೂಡಿಸಿ ನೋಡಬೇಕು. ಮಗುವಿಗೆ 2 ವರ್ಷದವರೆಗೆ ಆಗಿದ್ದರೆ ಒಟ್ಟು 85 ಮೀರಬಾರದು. 2ರಿಂದ 4ರವರೆಗೆ 90, 4ರಿಂದ 8ರವರೆಗೆ 100, 8ರಿಂದ 18ರವರೆಗೆ 110. ಒಂಟಿ ಪೋಷಕರಿಗೆ ಇದೇ ಸರಣಿಯಲ್ಲಿ 40, 45, 50, 55. ಮಗುವಿಗೂ ಪೋಷಕರಲ್ಲಿ ಯಾರೊಬ್ಬರಿಗೂ ನಡುವೆ 25 ವರ್ಷಕ್ಕಿಂತ ಕಡಿಮೆ ಅಂತರ ಇರಬಾರದು. ದಾಂಪತ್ಯ ಕನಿಷ್ಠ 2 ವರ್ಷ ಸ್ಥಿರವಾಗಿರಬೇಕು. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗೆ ವಿಶೇಷ ಅಗತ್ಯವುಳ್ಳ ಅಥವಾ ಕುಟುಂಬ ಸಿಗುವುದು ಕಷ್ಟವಾದ ಮಗುವನ್ನಷ್ಟೇ ಪರಿಗಣಿಸಲಾಗುತ್ತದೆ. ಸಂಬಂಧಿಕರ ದತ್ತಿಗೆ ಮತ್ತು ಮಲತಂದೆ-ಮಲತಾಯಿ ದತ್ತಿಗೆ ಮಕ್ಕಳ ಸಂಖ್ಯೆಯ ಈ ನಿರ್ಬಂಧವಿಲ್ಲ.

ಇದು ಭಾರತದ ಲೆಕ್ಕ ಮಾತ್ರ. ನೀವಿರುವ ದೇಶದ ಲೆಕ್ಕವನ್ನೂ ಅದೇ ದಿನ ಹಾಕಿ. ಅಮೆರಿಕದಲ್ಲಿರುವ ಕನ್ನಡಿಗರು ಹೆಚ್ಚಾಗಿ ಎಡವುವುದು ಇಲ್ಲಿ. ಹೇಗ್ ದತ್ತಿಗೆ ಬೇಕಾದ ಐ-800ಎ ಅರ್ಜಿಯನ್ನು ಅಮೆರಿಕದ ಪೌರರು ಮಾತ್ರ ಸಲ್ಲಿಸಬಹುದು. ದಂಪತಿಯಲ್ಲಿ ಒಬ್ಬರಾದರೂ ಪೌರರಾಗಿರಲೇಬೇಕು. ಎಚ್-1ಬಿ ವೀಸಾದವರಿಗೆ ಈ ಬಾಗಿಲು ತೆರೆಯದು, ಗ್ರೀನ್ ಕಾರ್ಡ್ ಇದ್ದರೂ ತೆರೆಯದು. ಹಾಗಾಗಿ ಕಾರಾ ಕೇಳುವ ಒಪ್ಪಿಗೆ ಪತ್ರವನ್ನು ಅಮೆರಿಕದಿಂದ ತರಿಸುವುದೇ ದೊಡ್ಡ ತೊಡಕಾಗುತ್ತದೆ. ಇಂಥವರು ಮಗುವಿನ ವಿಚಾರ ಎತ್ತುವ ಮೊದಲೇ ದತ್ತು ವಲಸೆಯಲ್ಲಿ ಪಳಗಿದ ವಕೀಲರನ್ನು ಕಾಣಬೇಕು.

ಮೂರನೇ ಹಂತ: ಅರ್ಜಿ ಯಾರ ಮೂಲಕ

ವಿದೇಶದಲ್ಲಿ ನೆಲೆಸಿದವರು ಭಾರತದ ದತ್ತು ಸಂಸ್ಥೆಗೆ ನೇರವಾಗಿ ಅರ್ಜಿ ಹಾಕುವಂತಿಲ್ಲ. ನೀವಿರುವ ದೇಶದಲ್ಲಿ ಕಾರಾ ಮಾನ್ಯತೆ ಕೊಟ್ಟಿರುವ ಅಧಿಕೃತ ವಿದೇಶಿ ದತ್ತು ಸಂಸ್ಥೆ ಅಥವಾ ಆ ದೇಶದ ಕೇಂದ್ರ ಪ್ರಾಧಿಕಾರವೇ ನಿಮ್ಮ ಗೃಹ ಅಧ್ಯಯನ ವರದಿ ಮಾಡಿ, ಕಾರಾದ ‘ಕೇರಿಂಗ್ಸ್’ ಪೋರ್ಟಲ್‌ನಲ್ಲಿ ನೋಂದಾಯಿಸಿ, ಕಾಗದಗಳನ್ನು ಏರಿಸುತ್ತದೆ. ಇವೆರಡೂ ಇಲ್ಲದ ದೇಶದಲ್ಲಿರುವ ಭಾರತೀಯ ಪೌರರು, ಕೊಲ್ಲಿ ರಾಷ್ಟ್ರಗಳಲ್ಲಿರುವವರಂತೆ, ಭಾರತೀಯ ರಾಯಭಾರ ಕಚೇರಿಯ ಮೂಲಕ ಹೋಗಬೇಕು.

ಸಂಸ್ಥೆಯ ಮಾನ್ಯತೆಯನ್ನು ಅದರ ಕರಪತ್ರ ನೋಡಿ ನಂಬಬೇಡಿ. ಕಾರಾ ಜಾಲತಾಣದಲ್ಲಿ ದೇಶವಾರು ಪಟ್ಟಿ ಇದೆ. ಮಾನ್ಯತೆ ಯಾವ ದಿನಾಂಕದವರೆಗೆ ಇದೆ ಎಂದು ನೋಡಿ, ಪುಟದ ಪ್ರತಿ ಇಟ್ಟುಕೊಳ್ಳಿ. ಅವಧಿ ಮುಗಿಯುವ ಹೊತ್ತಿನಲ್ಲಿ ಸಹಿ ಹಾಕುತ್ತಿದ್ದರೆ, ನವೀಕರಣ ಆಗದಿದ್ದಲ್ಲಿ ನಿಮ್ಮ ಕಡತದ ಗತಿಯೇನು ಎಂದು ಬರಹದಲ್ಲೇ ಕೇಳಿ.

ಗೃಹ ಅಧ್ಯಯನ ವರದಿ ಮನೆಯ ಅಳತೆ, ಸಂಬಳದ ಚೀಟಿಗಳ ಕಟ್ಟಲ್ಲ. ಸಮಾಜ ಕಾರ್ಯಕರ್ತರು ನಿಮ್ಮ ಆರೋಗ್ಯ, ಸಾಲ, ಪೊಲೀಸ್ ದಾಖಲೆ, ಹಿಂದಿನ ಮದುವೆ, ಇರುವ ಮಕ್ಕಳ ಅಭಿಪ್ರಾಯ ಎಲ್ಲವನ್ನೂ ಕೇಳುತ್ತಾರೆ. ಯಾವ ವಯಸ್ಸಿನ, ಯಾವ ಆರೋಗ್ಯ ಸ್ಥಿತಿಯ ಮಗುವನ್ನು ನೋಡಿಕೊಳ್ಳಬಲ್ಲಿರಿ ಎಂಬ ಭಾಗ ಎಲ್ಲಕ್ಕಿಂತ ಮುಖ್ಯ. ‘ಬೇಗ ಸಿಗಲಿ’ ಎಂದು ಅಲ್ಲಿ ಎಲ್ಲದಕ್ಕೂ ಹೂಂ ಎಂದವರು, ಮಗುವಿನ ವರದಿ ಕೈಗೆ ಬಂದಾಗ ಹಿಂದೆ ಸರಿಯುತ್ತಾರೆ. ವರದಿಯಲ್ಲಿ ಒಪ್ಪಿದ್ದಕ್ಕೂ ತೋರಿಸಿದ ಮಗುವಿಗೂ ಹೊಂದಿಕೆಯಾಗದಿದ್ದರೆ ಬರಮಾಡಿಕೊಳ್ಳುವ ದೇಶವೂ ಅನುಮತಿ ತಡೆಯುತ್ತದೆ.

ಹೊರದೇಶದ ಕಾಗದಗಳಿಗೆ ನೋಟರಿ, ಅದರ ಮೇಲೆ ಅಪೊಸ್ಟಿಲ್ (ಕಾಗದ ಅಸಲಿ ಎಂದು ಹೊರದೇಶಕ್ಕೆ ದೃಢಪಡಿಸುವ ಸರ್ಕಾರಿ ಮುದ್ರೆ) ಬೇಕು. ಹೆಸರು ಎಲ್ಲ ಕಡೆ ಒಂದೇ ರೀತಿ ಇರಲಿ. ನಮ್ಮಲ್ಲಿ ತಂದೆಯ ಹೆಸರು, ಊರಿನ ಹೆಸರು, ಇನಿಷಿಯಲ್ ಎಲ್ಲ ಬೆರೆತು, ಮದುವೆ ಪ್ರಮಾಣಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಆಗಿರುವುದು ಸಾಮಾನ್ಯ. ಇದನ್ನು ಶುರುವಿನಲ್ಲೇ ಅಫಿಡವಿಟ್ ಮೂಲಕ ಸರಿಪಡಿಸಿ. ಜಿಲ್ಲಾಧಿಕಾರಿಯ ಆದೇಶದಲ್ಲಿ ತಪ್ಪು ಹೆಸರು ಬಂದರೆ ಅದು ಮಗುವಿನ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾವರೆಗೂ ಹಿಂಬಾಲಿಸುತ್ತದೆ.

ನಾಲ್ಕನೇ ಹಂತ: ಮಗು ‘ಮುಕ್ತ’ವಾಗಿದೆಯೇ

ಇದು ಪೋಷಕರ ಕೈಯಲ್ಲಿಲ್ಲದ ಹಂತ. ಆದರೆ ಇಡೀ ಮೇಲ್ವಿಚಾರಣೆಯ ಬುನಾದಿ ಇದೇ. ಸಿಕ್ಕ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೆತ್ತವರನ್ನು ಹುಡುಕುವ ವಿಚಾರಣೆ ನಡೆದ ಮೇಲೆ, 2 ವರ್ಷದೊಳಗಿನ ಮಗುವಾದರೆ 2 ತಿಂಗಳಲ್ಲಿ, ದೊಡ್ಡದಾದರೆ 4 ತಿಂಗಳಲ್ಲಿ ಸಮಿತಿ ತೀರ್ಮಾನ ಕೊಡಬೇಕು. ಹೆತ್ತವರೇ ಒಪ್ಪಿಸಿದ್ದರೆ, ಮನಸ್ಸು ಬದಲಿಸಲು ಅವರಿಗೆ 2 ತಿಂಗಳ ಅವಕಾಶವಿದೆ. ಆ ಅವಧಿ ಮುಗಿಯುವ ಮುನ್ನ ಮಗುವನ್ನು ನಿಮಗೆ ತೋರಿಸುವುದೂ ತಪ್ಪು. ಆಸ್ಪತ್ರೆಯಿಂದಲೋ ದಲ್ಲಾಳಿಯಿಂದಲೋ ನೇರವಾಗಿ ಬಂದ ಮಗು ಈ ಬಾಗಿಲನ್ನು ದಾಟಿರುವುದೇ ಇಲ್ಲ. ಅಂಥ ಮಗುವಿಗೆ ಮುಂದೆ ಎಷ್ಟು ಕಾಗದ ಹೊಂದಿಸಿದರೂ ಅದು ದತ್ತಾಗದು. ಮಕ್ಕಳ ಮಾರಾಟಕ್ಕೆ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಡಿ 5 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿ ದಂಡ. ಮಗುವಿನ ಹೊಣೆ ಹೊತ್ತ ಆಸ್ಪತ್ರೆ ಸಿಬ್ಬಂದಿಯೇ ಮಾರಿದ್ದರೆ 3ರಿಂದ 7 ವರ್ಷ.

ಐದನೇ ಹಂತ: ಮಗುವಿನ ವರದಿ ಓದುವುದು

ಪೋರ್ಟಲ್‌ನಲ್ಲಿ ಮಗುವಿನ ವಿವರ ಬಂದಾಗ ಕಾಯ್ದಿರಿಸಲು ಸಿಗುವುದು 96 ಗಂಟೆ. ಕಾಯ್ದಿರಿಸಿದ ಮೇಲೆ ಮಗುವಿನ ಅಧ್ಯಯನ ವರದಿ, ವೈದ್ಯಕೀಯ ಪರೀಕ್ಷಾ ವರದಿಗಳಿಗೆ ಸಹಿ ಹಾಕಿ ಒಪ್ಪಲು 30 ದಿನ. ಈ 30 ದಿನಗಳನ್ನು ಸಂಭ್ರಮದಲ್ಲಿ ಕಳೆಯಬೇಡಿ. ನಿಮ್ಮ ಆಯ್ಕೆಯ ಮಕ್ಕಳ ವೈದ್ಯರಿಗೆ ವರದಿ ತೋರಿಸಲು ಅವಕಾಶವಿದೆ. ತೂಕ, ಎತ್ತರ, ತಲೆಯ ಸುತ್ತಳತೆಯ ಒಂದೇ ದಿನದ ಅಂಕಿ ನೋಡಿ ಏನೂ ತಿಳಿಯದು. ಸಂಸ್ಥೆಗೆ ಬಂದ ದಿನದಿಂದ ತಿಂಗಳು ತಿಂಗಳು ಅದು ಹೇಗೆ ಏರಿದೆ ಎಂದು ಕೇಳಿ. ‘ಬೆಳವಣಿಗೆ ನಿಧಾನ’ ಎಂದು ಬರೆದಿದ್ದರೆ, ಕುತ್ತಿಗೆ ನಿಂತದ್ದು, ಕೂತದ್ದು, ನಡೆದದ್ದು ಯಾವ ತಿಂಗಳಲ್ಲಿ ಎಂದು ಬರೆಸಿಕೊಳ್ಳಿ, ವೀಡಿಯೊ ಕೇಳಿ. ಸಂಸ್ಥೆಯಲ್ಲಿ ಬೆಳೆದ ಮಕ್ಕಳಲ್ಲಿ ಸ್ವಲ್ಪ ಹಿಂದುಳಿಯುವಿಕೆ ಸಹಜ; ಅದು ಆರೈಕೆಯ ಕೊರತೆಯೋ ಕಾಯಿಲೆಯೋ ಎಂದು ಬಿಡಿಸಿ ಹೇಳಬೇಕಾದವರು ವೈದ್ಯರು, ಮಧ್ಯವರ್ತಿಯಲ್ಲ.

ಆರನೇ ಹಂತ: ಎನ್‌ಒಸಿ, ಆದೇಶ, ಪಾಸ್‌ಪೋರ್ಟ್

ಒಪ್ಪಿಗೆಯ ಕಾಗದ ಮತ್ತು ನಿಮ್ಮ ದೇಶದ ಅನುಮತಿ ಸೇರಿದ ಮೇಲೆ ಕಾರಾ ಎನ್‌ಒಸಿ ಕೊಡುತ್ತದೆ. ಅಮೆರಿಕದ ವಿಷಯದಲ್ಲಿ ಇಲ್ಲಿ ಇನ್ನೊಂದು ಗಂಟು: ಮಗುವಿನ ಹೆಸರಿನಲ್ಲಿ ಐ-800 ಅರ್ಜಿ ಸಲ್ಲಿಸಿ, ತಾತ್ಕಾಲಿಕ ಅನುಮೋದನೆ ಪಡೆದು, ದೆಹಲಿಯ ಅಮೆರಿಕ ರಾಯಭಾರ ಕಚೇರಿ 5ನೇ ಕಲಮಿನ ಪತ್ರ ಕೊಟ್ಟ ಮೇಲೆಯೇ ದತ್ತು ಆಗಬೇಕು.

ಎನ್‌ಒಸಿ ಬಂದ ಮೇಲೆ ಮಗುವನ್ನು ನೋಡಿಕೊಳ್ಳುತ್ತಿರುವ ವಿಶೇಷ ದತ್ತು ಸಂಸ್ಥೆ ತಾನಿರುವ ಜಿಲ್ಲೆಯಲ್ಲಿ ಅರ್ಜಿ ಹಾಕುತ್ತದೆ. ಕಾಗದಗಳನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಪರಿಶೀಲಿಸುತ್ತದೆ. 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ದಂಡಾಧಿಕಾರಿಗೆ ಬಂದಿದೆ. ಕರ್ನಾಟಕದಲ್ಲಿ ಅಂದರೆ ಜಿಲ್ಲಾಧಿಕಾರಿ. ಹಳೆಯ ಮಾಹಿತಿ ನಂಬಿ ನ್ಯಾಯಾಲಯಕ್ಕೆ ಅರ್ಜಿ ಸಿದ್ಧಪಡಿಸಿಕೊಂಡು ಕೂರಬೇಡಿ. ದತ್ತು ಮಗುವಿನ ಹಿತಕ್ಕೆ ಇದೆಯೇ, ವಯಸ್ಸಿಗೆ ತಕ್ಕಂತೆ ಮಗುವಿನ ಇಷ್ಟ ಕೇಳಲಾಗಿದೆಯೇ, ನಿಯಮ ಒಪ್ಪಿದ ಶುಲ್ಕ ಬಿಟ್ಟು ಯಾರಾದರೂ ಹಣ ಕೊಟ್ಟಿದ್ದಾರೆಯೇ ಎಂಬ ಮೂರು ಪ್ರಶ್ನೆಗೆ ಜಿಲ್ಲಾಧಿಕಾರಿಗೆ ಸಮಾಧಾನವಾಗಬೇಕು. ವಿಚಾರಣೆ ಗೋಪ್ಯ. ಅವಧಿ 2 ತಿಂಗಳು. ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ. ಅದನ್ನು ಕೇಳುವವರು ವಿಭಾಗೀಯ ಆಯುಕ್ತರು ಎನ್ನುತ್ತದೆ ಕಾಯ್ದೆ; ನಮ್ಮಲ್ಲಿ ಆ ಹುದ್ದೆ ಪ್ರಾದೇಶಿಕ ಆಯುಕ್ತರದ್ದು.

ಆದೇಶದ ದೃಢೀಕೃತ ಪ್ರತಿ ಕೈಗೆ ಬಂದ ಗಳಿಗೆಯಲ್ಲೇ ಅಕ್ಷರ ಅಕ್ಷರ ಓದಿ: ಮಗುವಿನ ಹೊಸ ಹೆಸರು, ಹುಟ್ಟಿದ ದಿನಾಂಕ, ನಿಮ್ಮ ಹೆಸರು. ಇದರ ಮೇಲೆ ಜನನ ಪ್ರಮಾಣಪತ್ರ, ಕಾರಾದ ಅನುಸರಣಾ ಪ್ರಮಾಣಪತ್ರ, ಭಾರತೀಯ ಪಾಸ್‌ಪೋರ್ಟ್, ಕೊನೆಗೆ ನಿಮ್ಮ ದೇಶದ ವೀಸಾ. ಕಾರಾ ಎರಡೂ ದೇಶಗಳ ವಲಸೆ ಅಧಿಕಾರಿಗಳಿಗೆ ತಿಳಿಸುತ್ತದೆ. ಮಗುವನ್ನು ಪೋಷಕರೇ ಖುದ್ದಾಗಿ ಬಂದು ಕರೆದೊಯ್ಯಬೇಕು. ‘ಬರುತ್ತಿರುವ ಪರಿಚಿತರ ಕೈಯಲ್ಲಿ ಕಳುಹಿಸಿ’ ಅನ್ನುವುದಕ್ಕೆ ಅವಕಾಶವಿಲ್ಲ. ಆದೇಶ ಬರುವ ಮುನ್ನವೇ ವಾಪಸ್ ವಿಮಾನದ ಟಿಕೆಟ್ ತೆಗೆಯಬೇಡಿ.

ಹಣದ ಮಾತು. ಭಾರತದ ದತ್ತು ಸಂಸ್ಥೆಗೆ ಅಂತರದೇಶೀಯ ದತ್ತಿನ ಶುಲ್ಕ 5000 ಅಮೆರಿಕನ್ ಡಾಲರ್, ಬ್ಯಾಂಕ್ ಮೂಲಕ, ರಸೀದಿಯೊಂದಿಗೆ. ಅದರಾಚೆ ದೇಣಿಗೆ ಕೇಳುವಂತಿಲ್ಲ, ನೀವಾಗಿ ಕೊಟ್ಟರೂ ಸಂಸ್ಥೆ ತೆಗೆದುಕೊಳ್ಳುವಂತಿಲ್ಲ. ವಿದೇಶಿ ಸಂಸ್ಥೆಯ ಶುಲ್ಕ ಬೇರೆ, ಅದು ಆ ದೇಶದ ನಿಯಮಕ್ಕೆ ಒಳಪಟ್ಟದ್ದು.

ಸಂಬಂಧಿಕರ ಮಗುವಾದರೆ

ಕಾಯ್ದೆಯ ಪ್ರಕಾರ ಸಂಬಂಧಿಕರೆಂದರೆ ಮಗುವಿನ ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ದೊಡ್ಡಮ್ಮ, ಚಿಕ್ಕಮ್ಮ, ಎರಡೂ ಕಡೆಯ ಅಜ್ಜ-ಅಜ್ಜಿ. ಅಷ್ಟೇ. ಚಿಕ್ಕಪ್ಪನ ಮಗಳ ಮಗು, ಹೆಂಡತಿಯ ಸೋದರತ್ತೆಯ ಮೊಮ್ಮಗು ಎಷ್ಟೇ ಹತ್ತಿರವಿದ್ದರೂ ಈ ದಾರಿಗೆ ಸೇರುವುದಿಲ್ಲ.

ಕ್ರಮ ಹೀಗೆ: ನಿಮ್ಮ ದೇಶದ ಅಧಿಕೃತ ಸಂಸ್ಥೆ ಅಥವಾ ಪ್ರಾಧಿಕಾರ ಗೃಹ ಅಧ್ಯಯನ ಮಾಡಿ ಪೋರ್ಟಲ್‌ಗೆ ಏರಿಸುತ್ತದೆ. ಕಾರಾ ಸೂಚನೆಯ ಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಹೆತ್ತವರ ಮನೆಗೆ ಹೋಗಿ ಕುಟುಂಬ ಹಿನ್ನೆಲೆ ವರದಿ ತಯಾರಿಸುತ್ತದೆ. ಅದು ನಿಮ್ಮ ದೇಶಕ್ಕೆ ಹೋಗಿ, ಒಪ್ಪಿಗೆ ಬಂದ ಮೇಲೆ ಕಾರಾ ಪೂರ್ವಾನುಮೋದನೆ ಕೊಡುತ್ತದೆ. ಆಮೇಲೆ ಜಿಲ್ಲಾಧಿಕಾರಿಯ ಆದೇಶ, ಅದರ ನಂತರ ಎನ್‌ಒಸಿ. ಮಗುವಿಗೆ 5 ವರ್ಷ ತುಂಬಿದ್ದರೆ ಅದರ ಒಪ್ಪಿಗೆಯೂ ಬೇಕು. ಘಟಕದವರು ಬಂದಾಗ ‘ಅಲ್ಲಿ ಒಳ್ಳೆ ಶಾಲೆ ಸಿಗುತ್ತದೆ, ಆಮೇಲೆ ನಮ್ಮನ್ನೂ ಕರೆಸಿಕೊಳ್ಳುತ್ತದೆ’ ಎಂದು ಹೆತ್ತವರು ಮುಗ್ಧವಾಗಿ ಹೇಳಿದರೆ ವರದಿ ಅಲ್ಲೇ ಬಿದ್ದುಹೋಗುತ್ತದೆ. ಶಿಕ್ಷಣಕ್ಕೆ, ವಲಸೆಗೆ ದತ್ತು ದಾರಿಯಲ್ಲ ಎಂಬುದು ಎರಡೂ ದೇಶಗಳ ನಿಲುವು. ನಿಜವಾದ ಕಾರಣವೇ ಅದಾಗಿದ್ದರೆ ಮಗುವನ್ನು ಹೆತ್ತವರ ಬಳಿಯೇ ಬಿಟ್ಟು ಶಾಲೆಯ ಶುಲ್ಕ ಕಟ್ಟುವುದು ಮೇಲು.

ದತ್ತಕ ಪತ್ರ ಈಗಾಗಲೇ ಆಗಿದ್ದರೆ

1956ರ ಕಾಯ್ದೆಯ ದತ್ತಕಕ್ಕೆ ಮಗು 15 ತುಂಬದ ಹಿಂದೂ ಮಗುವಾಗಿರಬೇಕು, ನಿಜವಾಗಿ ಕೊಟ್ಟು ತೆಗೆದುಕೊಂಡಿರಬೇಕು. ಮಗನಿದ್ದವರು ಮಗನನ್ನು, ಮಗಳಿದ್ದವರು ಮಗಳನ್ನು ದತ್ತಕ ಪಡೆಯುವಂತಿಲ್ಲ. ಇವೆಲ್ಲ ಸರಿಯಾಗಿದ್ದು ನೋಂದಣಿಯಾದ ಪತ್ರ ಭಾರತದೊಳಗೆ ಬಲವಾದ ದಾಖಲೆ. ವಿದೇಶಕ್ಕೆ ಮಾತ್ರ ಸಾಲದು. ಪೋರ್ಟಲ್‌ನಲ್ಲಿ ನೋಂದಾಯಿಸಿ, ಜಿಲ್ಲಾಧಿಕಾರಿಯ ಪರಿಶೀಲನೆ ಮಾಡಿಸಿ, ನೀವಿರುವ ದೇಶದ ಗೃಹ ಅಧ್ಯಯನ ಮತ್ತು ಅನುಮತಿ ತಂದರೆ ಕಾರಾ ಎನ್‌ಒಸಿ ಕೊಡಬಹುದು.

ಅಮೆರಿಕಕ್ಕೆ ಇದು ಇಕ್ಕಟ್ಟಿನ ಓಣಿ. ಐ-800 ತಾತ್ಕಾಲಿಕ ಅನುಮೋದನೆಗೆ ಮೊದಲೇ ದತ್ತಕವಾಗಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಮೊದಲಿನ ದತ್ತಕ ರದ್ದಾಗಬೇಕು ಎನ್ನುತ್ತಾರೆ. ಇತ್ತ 1956ರ ಕಾಯ್ದೆಯ 15ನೇ ಕಲಮು ಸಿಂಧುವಾದ ದತ್ತಕವನ್ನು ರದ್ದುಮಾಡಲಾಗದು ಎನ್ನುತ್ತದೆ. ಮಗು ಕಾನೂನಿನಲ್ಲಿ ನಿಮ್ಮದು, ನಿಮ್ಮ ಮನೆಗೆ ಬರುವಂತಿಲ್ಲ. ಹೋಮ ಮತ್ತು ನೋಂದಣಿಯ ಮುಹೂರ್ತವನ್ನು ಕಾರಾ ಪತ್ರ ಬರುವವರೆಗೆ ಮುಂದೂಡಿ ಎನ್ನುವುದು ಇದಕ್ಕೇ.

ಮಗು ಮನೆಗೆ ಬಂದ ಮೇಲೆ

ಮೇಲ್ವಿಚಾರಣೆ ವಿಮಾನ ನಿಲ್ದಾಣದಲ್ಲಿ ಮುಗಿಯದು. ಮೊದಲ ವರ್ಷ 3 ತಿಂಗಳಿಗೊಮ್ಮೆ, ಎರಡನೇ ವರ್ಷ 6 ತಿಂಗಳಿಗೊಮ್ಮೆ ವಿದೇಶಿ ಸಂಸ್ಥೆಯ ಸಮಾಜ ಕಾರ್ಯಕರ್ತರು ಮನೆಗೆ ಬಂದು ಪ್ರಗತಿ ವರದಿಯನ್ನು ಕಾರಾಗೆ ಕಳುಹಿಸಬೇಕು. ಊಟ, ನಿದ್ದೆ, ಶಾಲೆ, ಸಿಟ್ಟು, ಭಾಷೆ ಎಲ್ಲದರ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳಿ. ಎಲ್ಲ ಚೆನ್ನಾಗಿದೆ ಎಂಬ ಒಂದೇ ಅಚ್ಚಿನ ವರದಿಗಳಿಂದ ಮಗುವಿಗೆ ಉಪಕಾರವಿಲ್ಲ. ಬಿಹಾರದಿಂದ ದತ್ತು ಹೋಗಿದ್ದ 3 ವರ್ಷದ ಮಗು 2017ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಸಾವಿಗೀಡಾದ ಮೇಲೆ, ಈ ವರದಿಗಳ ಗುಣಮಟ್ಟದ ಪ್ರಶ್ನೆ ದೊಡ್ಡದಾಗಿ ಎದ್ದಿತು. ಮಗು ಕುಟುಂಬಕ್ಕೆ ಹೊಂದದೇ ಹೋದರೆ, ಕಾರಾ ಮತ್ತು ಭಾರತೀಯ ರಾಯಭಾರ ಕಚೇರಿಯೊಂದಿಗೆ ಮಾತಾಡಿ ಬೇರೆ ವ್ಯವಸ್ಥೆ ಮಾಡುವುದು ವಿದೇಶಿ ಸಂಸ್ಥೆಯ ಹೊಣೆ. ಪೋಷಕರು ತಾವಾಗಿ ಇನ್ನೊಂದು ಮನೆಗೆ ಕೊಡುವಂತಿಲ್ಲ.

ಭಾರತದಲ್ಲೇ ದತ್ತು ಪಡೆದು 2 ವರ್ಷದೊಳಗೆ ಕೆಲಸಕ್ಕಾಗಿ ಹೊರದೇಶಕ್ಕೆ ಹೋಗುವವರು, ಹೊರಡುವ ಕನಿಷ್ಠ 2 ವಾರ ಮೊದಲು ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ವಿಳಾಸ ಸಮೇತ ಬರಹದಲ್ಲಿ ತಿಳಿಸಬೇಕು. ಐಟಿ ಉದ್ಯೋಗಿಗಳು ಮರೆಯುವ ನಿಯಮ ಇದು.

ಪೌರತ್ವದ ಕಾಗದವನ್ನು ಮುಂದಕ್ಕೆ ಹಾಕಬೇಡಿ. ಅಮೆರಿಕಕ್ಕೆ, ಭಾರತದಲ್ಲೇ ದತ್ತು ಮುಗಿದ ಮಗುವಿಗೆ ಕೊಡುವ ಐಎಚ್-3 ವೀಸಾದಲ್ಲಿ, 18ರೊಳಗಿನ ಮಗು ಪೌರರಾದ ಪೋಷಕರ ಜೊತೆ ವಾಸಕ್ಕೆ ಕಾಲಿಟ್ಟಾಗ ಪೌರತ್ವ ತಾನಾಗಿ ಬರುತ್ತದೆ. ಬೇರೆ ದೇಶಗಳಲ್ಲಿ ಅರ್ಜಿ ಬೇಕಾಗಬಹುದು. ದತ್ತು ಆದೇಶ, ಎನ್‌ಒಸಿ, ಅನುಸರಣಾ ಪ್ರಮಾಣಪತ್ರ, ಮಗುವಿನ ಅಧ್ಯಯನ ವರದಿಗಳ ಮೂಲ ಪ್ರತಿಗಳನ್ನು ಜೋಪಾನ ಮಾಡಿ. ಮುಂದೆ ಬೇರು ಹುಡುಕಬೇಕೆನಿಸಿದರೆ 18 ತುಂಬಿದ ಮಗ ಅಥವಾ ಮಗಳು ತಾವೇ ಕಾರಾಗೆ ಅರ್ಜಿ ಹಾಕಬಹುದು, ಅದಕ್ಕೂ ಮೊದಲಾದರೆ ಪೋಷಕರ ಜೊತೆ ಸೇರಿ. ಖಾಸಗಿ ಪತ್ತೆದಾರರಿಗೆ, ಮೂರನೆಯವರಿಗೆ ಅಧಿಕಾರಪತ್ರ ಬರೆದುಕೊಟ್ಟು ಹುಡುಕಿಸಲು ನಿಯಮ ಒಪ್ಪುವುದಿಲ್ಲ. ಹೆತ್ತ ತಾಯಿ ಹೆಸರು ಮುಚ್ಚಿಡಲು ಕೇಳಿಕೊಂಡಿದ್ದರೆ, ಅವಳ ಒಪ್ಪಿಗೆಯಿಲ್ಲದೆ ಅದನ್ನು ಬಿಟ್ಟುಕೊಡುವುದೂ ಇಲ್ಲ.

ಯಾವ ಹಂತದಲ್ಲೇ ಆಗಲಿ ಹಣದ ಬೇಡಿಕೆ, ಕಾಗದವಿಲ್ಲದ ಮಗು, ಬೆದರಿಕೆ ಎದುರಾದರೆ ಕಾರಾ ಮತ್ತು ರಾಜ್ಯ ದತ್ತು ಸಂಪನ್ಮೂಲ ಸಂಸ್ಥೆಗೆ ಬರೆಯಿರಿ. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098.